ಕಾಫಿಯ ಮೇಲಿನ ಎಲೆ, ಕೌಂಟರಿನ ಹಿಂದಿನ ಕೈ

(ಕಾಫಿ ಅಂಗಡಿಗಳಲ್ಲಿ ಕೆಲಸ ಕಲಿಯುತ್ತಿರುವ, ಸ್ವಂತ ಅಂಗಡಿ ತೆರೆಯಬೇಕೆಂದಿರುವ ಯುವಕ ಯುವತಿಯರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾಫಿ ಅಂಗಡಿಯ ವಾತಾವರಣದ ಬಗ್ಗೆ ಮಾತಾಡಿ, ಸಮಯ ಉಳಿದರೆ ಲ್ಯಾಟೆ ಆರ್ಟ್, ಅಂದರೆ ಹಾಲು ಸುರಿಯುತ್ತಲೇ ಕಾಫಿಯ ಮೇಲೆ ಚಿತ್ರ ಮೂಡಿಸುವ ಕಲೆಯ ಬಗ್ಗೆಯೂ ಹೇಳಿ ಎಂದು ಕರೆದಿದ್ದೀರಿ. ನಾನು ಕ್ರಮವನ್ನು ಸ್ವಲ್ಪ ಬದಲಿಸುತ್ತೇನೆ. ಮೊದಲು ಲ್ಯಾಟೆ ಆರ್ಟ್, ಅದರಲ್ಲೂ ಮೊದಲು ಹಾಲು. ಅಲ್ಲಿಂದ ಹೊರಟರೆ ವಾತಾವರಣದ ಮಾತು ತಾನಾಗಿಯೇ ಬರುತ್ತದೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ನಮಗೆ ಹಿತವೆನಿಸುವುದರಲ್ಲಿ ಹೆಚ್ಚಿನ ಪಾಲು ಕೌಂಟರಿನ ಹಿಂದೆ ನಡೆಯುವ ಕೆಲಸದಿಂದ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ. ಆಗತಾನೆ ಪುಡಿಯಾದ ಬೀಜದ ಘಮ, ಹಾಲು ಕಾಯುವ ಸದ್ದು, ಕೈಗೆ ಬೆಚ್ಚಗೆ ತಾಕುವ ಕಪ್ಪು, ಕೆಲಸ ಮಾಡುವವರ ನಿರಾಳ. ಇದರಲ್ಲಿ ಯಾವುದನ್ನೂ ಫರ್ನಿಚರ್ ಅಂಗಡಿಯಿಂದ ಕೊಂಡು ತರಲಾಗದು.

ಎಸ್ಪ್ರೆಸೊ ಎಂದರೆ ಪುಡಿಯ ಮೂಲಕ ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿ. ಅದನ್ನು ಮಾಡುವ ಯಂತ್ರದ ಪಕ್ಕದಲ್ಲಿ ಒಂದು ಸಣ್ಣ ಉಕ್ಕಿನ ಕೊಳವೆ ಇರುತ್ತದೆ. ಅದರ ತುದಿಯಿಂದ ಬರುವ ಹಬೆ ಎರಡು ಕೆಲಸ ಮಾಡುತ್ತದೆ: ಹಾಲನ್ನು ಬಿಸಿ ಮಾಡುತ್ತದೆ, ಹಾಲಿನೊಳಗೆ ಗಾಳಿ ಸೇರಿಸುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲನ್ನು ಜಗ್ಗಿಗೆ ಹಾಕಿ, ಕೊಳವೆಯ ತುದಿಯನ್ನು ಹಾಲಿನ ಮೇಲ್ಮೈಗೆ ತಾಗಿದಂತೆ ಹಿಡಿಯಬೇಕು. ಆಗ ಕಾಗದ ಹರಿದ ಹಾಗೆ ಸಣ್ಣ ಸದ್ದು ಬರುತ್ತದೆ. ಗಾಳಿ ಒಳಗೆ ಹೋಗುತ್ತಿದೆ ಎಂದು ತಿಳಿಯುವುದು ಆ ಸದ್ದಿನಿಂದಲೇ. ಹಾಲು ಇನ್ನೂ ತಣ್ಣಗಿರುವಾಗ, ಮೊದಲ ಕೆಲವೇ ಸೆಕೆಂಡು ಅದು ಸಾಕು. ಆಮೇಲೆ ತುದಿಯನ್ನು ಸ್ವಲ್ಪ ಆಳಕ್ಕಿಳಿಸಿ ಜಗ್ಗನ್ನು ಓರೆ ಮಾಡಿದರೆ ಹಾಲು ಸುಳಿಯಾಗಿ ತಿರುಗುತ್ತದೆ. ಆ ಸುಳಿಯಲ್ಲಿ ದೊಡ್ಡ ಗುಳ್ಳೆಗಳು ಒಡೆದು, ಹಂಚಿಹೋಗಿ, ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ. ಸರಿಯಾಗಿ ಮಾಡಿದ ಹಾಲಿನಲ್ಲಿ ನೊರೆ ಬೇರೆ, ಹಾಲು ಬೇರೆ ಎಂದು ಇರುವುದಿಲ್ಲ. ಇಡೀ ಜಗ್ಗು ಒಂದೇ ಹದದಲ್ಲಿರುತ್ತದೆ, ಬೆಳಕಿಗೆ ಹಿಡಿದರೆ ಮಿರುಗುತ್ತದೆ.

ಆ ಗುಳ್ಳೆಗಳನ್ನು ಹಿಡಿದಿಡುವುದು ಹಾಲಿನ ಪ್ರೋಟೀನು. ಗಾಳಿಯ ಪ್ರತಿ ಗುಳ್ಳೆಯ ಸುತ್ತಲೂ ಪ್ರೋಟೀನಿನ ತೆಳು ಪೊರೆ ಕಟ್ಟುತ್ತದೆ. ಕೊಬ್ಬಿನಿಂದ ನಾಲಿಗೆಗೆ ನುಣುಪು ಬರುತ್ತದೆ. ಕೆನೆಭರಿತ ಹಾಲಿಲ್ಲದೆ ಚಿತ್ರ ಬರುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ನಮ್ಮಲ್ಲಿ ಎಲ್ಲೆಡೆ ಸಿಗುವ ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಕೊಬ್ಬಲ್ಲದ ಘನಾಂಶ 8.5% ಇರಬೇಕೆಂಬ ನಿಯಮವಿದೆ. ಈ ಹಾಲಲ್ಲೂ ಒಳ್ಳೆಯ ಎಲೆ ಮೂಡುತ್ತದೆ. ಕೊಬ್ಬು ಹೆಚ್ಚಿದ್ದರೆ ಬಾಯಿಗೆ ಇನ್ನಷ್ಟು ಸೊಗಸು, ಅಷ್ಟೇ. ಹಾಲನ್ನು ನಿಜವಾಗಿ ಕೆಡಿಸುವುದು ಅತಿ ಬಿಸಿ. 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿದರೆ ಹಾಲಿನ ಸಹಜ ಸಿಹಿ ಎದ್ದು ಕಾಣುತ್ತದೆ. 70 ದಾಟಿದ ಮೇಲೆ ಪ್ರೋಟೀನಿನ ರಚನೆ ಬದಲಾಗುತ್ತದೆ, ಕಾಯಿಸಿದ ಹಾಲಿನ ವಾಸನೆ ಬರುತ್ತದೆ, ನೊರೆ ಒರಟಾಗುತ್ತದೆ. ಒಮ್ಮೆ ಹಬೆ ಕೊಟ್ಟು ಉಳಿದ ಹಾಲಿಗೆ ಮತ್ತೆ ಹಬೆ ಕೊಟ್ಟರೆ ಮೊದಲಿನ ನುಣುಪು ಬರುವುದಿಲ್ಲ. ಆದ್ದರಿಂದ ಎಷ್ಟು ಕಪ್ಪಿಗೆ ಬೇಕೋ ಅಷ್ಟೇ ಹಾಲು ಹಿಡಿಯುವ ಜಗ್ಗು ಬಳಸಿ. ಇದನ್ನು ಒತ್ತಿ ಹೇಳುತ್ತೇನೆ. ಎಷ್ಟೋ ಕಡೆ ಕಲಿಯುವ ಹೆಸರಿನಲ್ಲಿ ಲೀಟರುಗಟ್ಟಲೆ ಹಾಲು ಸಿಂಕಿಗೆ ಹೋಗುತ್ತದೆ. ಬೆಳಗಿನ ಜಾವ ಎದ್ದು ಹಾಲು ಕರೆದು ಡೇರಿಗೆ ಹಾಕಿದವರೊಬ್ಬರು ಆ ಹಾಲಿನ ಹಿಂದೆ ಇದ್ದಾರೆ. ಕಲಿಯಲು ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಹಬೆ ಕೊಡಿ. ಕುಡಿಯಲಾಗದು, ಆದರೆ ಸುಳಿ ಎಬ್ಬಿಸುವುದಕ್ಕೂ ಕೈ ಪಳಗುವುದಕ್ಕೂ ಅದು ಧಾರಾಳವಾಗಿ ಸಾಕು. ಆಮೇಲೆ ಜಗ್ಗನ್ನೂ ಕೊಳವೆಯನ್ನೂ ಚೆನ್ನಾಗಿ ತೊಳೆದುಬಿಡಿ.

ಇನ್ನು ಹಾಲು ಬೀಳಬೇಕಾದ ಜಾಗ, ಅಂದರೆ ಎಸ್ಪ್ರೆಸೊ. ಅದರ ಮೇಲೆ ಕಂದು ಬಣ್ಣದ ತೆಳು ಪದರ ಇರದಿದ್ದರೆ ಬಿಳಿಯ ಚಿತ್ರ ಎದ್ದು ಕಾಣುವುದೇ ಇಲ್ಲ. ಆ ಪದರಕ್ಕೆ ಕ್ರೆಮಾ ಎನ್ನುತ್ತಾರೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಸಿಕ್ಕಿಕೊಂಡಿರುತ್ತದೆ. ಹೆಚ್ಚಿನ ಒತ್ತಡದಲ್ಲಿ ಬಿಸಿನೀರು ಪುಡಿಯ ಮೂಲಕ ಹಾದಾಗ ಆ ಅನಿಲ ನೀರಿನಲ್ಲಿ ಕರಗಿ, ಹೊರಬಂದು ಒತ್ತಡ ಇಳಿದ ಕೂಡಲೇ ಸಣ್ಣ ಗುಳ್ಳೆಗಳಾಗುತ್ತದೆ. ಮೊದಮೊದಲ ಎಸ್ಪ್ರೆಸೊ ಯಂತ್ರಗಳು ಹಬೆಯ ಒತ್ತಡದಿಂದಲೇ ನಡೆಯುತ್ತಿದ್ದವು, ಆ ಒತ್ತಡ ಇದಕ್ಕೆ ಸಾಲುತ್ತಿರಲಿಲ್ಲ. ಇಟಲಿಯ ಮಿಲಾನ್ ನಗರದ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, ಎರಡನೇ ಮಹಾಯುದ್ಧದ ನಂತರ ಸ್ಪ್ರಿಂಗ್ ಸನ್ನೆ ಇರುವ ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದರಿಂದ ಬಂದ ಕಾಫಿಯ ಮೇಲೆ ನೊರೆ ಕಂಡು ಗಿರಾಕಿಗಳು ಮೊದಲು ಅನುಮಾನಪಟ್ಟರು. ಅದು ಕಾಫಿಯಿಂದಲೇ ಬಂದ ಸಹಜ ಕೆನೆ ಎಂದು ತಯಾರಕರು ಹೇಳಿಕೊಳ್ಳಬೇಕಾಯಿತು. ಇಂದು ಸಾಮಾನ್ಯವಾಗಿ 9 ಬಾರ್ ಒತ್ತಡ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು), 90 ಡಿಗ್ರಿಗಿಂತ ತುಸು ಮೇಲಿನ ಬಿಸಿ, 25ರಿಂದ 30 ಸೆಕೆಂಡು ಎಂಬ ಲೆಕ್ಕದಲ್ಲಿ ಎಸ್ಪ್ರೆಸೊ ಇಳಿಸುತ್ತಾರೆ. ಬೀಜ ಹಳೆಯದಾಗಿದ್ದರೆ ಅನಿಲ ಹಾರಿಹೋಗಿರುತ್ತದೆ, ಕ್ರೆಮಾ ಬಡಕಲಾಗುತ್ತದೆ. ಚಿತ್ರ ಮಸುಕಾಯಿತೆಂದು ಕೈಯನ್ನು ದೂರುವ ಮೊದಲು ಬೀಜದ ಚೀಲದ ಮೇಲಿನ ತಾರೀಕು ನೋಡಿ.

ಸುರಿಯುವ ಕ್ರಮ ಹೀಗೆ. ಕಪ್ಪನ್ನು ಓರೆ ಹಿಡಿದು, ಜಗ್ಗನ್ನು ಸ್ವಲ್ಪ ಎತ್ತರದಿಂದ ತೆಳುವಾಗಿ ಬಗ್ಗಿಸಿ. ಎತ್ತರದಿಂದ ಬಿದ್ದ ಧಾರೆಗೆ ವೇಗವಿರುತ್ತದೆ. ಅದು ಕ್ರೆಮಾವನ್ನು ಸೀಳಿ ಕೆಳಗೆ ಹೋಗುತ್ತದೆ, ಮೇಲ್ಮೈ ಕಂದಾಗಿಯೇ ಉಳಿಯುತ್ತದೆ. ಕಪ್ಪು ಅರ್ಧಕ್ಕಿಂತ ಹೆಚ್ಚು ತುಂಬಿದಾಗ ಜಗ್ಗಿನ ಮೂತಿಯನ್ನು ಕಾಫಿಗೆ ಇನ್ನೇನು ತಾಗುತ್ತದೆ ಎನ್ನುವಷ್ಟು ಕೆಳಗಿಳಿಸಿ, ಧಾರೆಯನ್ನು ಹೆಚ್ಚಿಸಬೇಕು. ಈಗ ವೇಗವಿಲ್ಲದ್ದರಿಂದ ಹಗುರವಾದ ನೊರೆ ಮುಳುಗದೆ ತೇಲುತ್ತದೆ, ಬಿಳಿ ಕಾಣಿಸಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಸುರಿದು, ಕೊನೆಗೆ ಜಗ್ಗನ್ನು ಎತ್ತಿ ತೆಳುಧಾರೆಯಿಂದ ನಡುವೆ ಸೀಳಿದರೆ ಹೃದಯದ ಆಕಾರ. ಮಣಿಕಟ್ಟನ್ನು ಎಡಬಲ ಆಡಿಸುತ್ತಾ ಹಿಂದಕ್ಕೆ ಸರಿದು ಆಮೇಲೆ ಸೀಳಿದರೆ ಎಲೆ, ಅದನ್ನು ರೊಸೆಟ್ಟಾ ಎನ್ನುತ್ತಾರೆ. ಬಿಟ್ಟು ಬಿಟ್ಟು ಒಂದರ ಹಿಂದೆ ಒಂದು ಬಿಳಿ ಗುಂಡನ್ನು ತಳ್ಳಿದರೆ ಟ್ಯುಲಿಪ್. ಹಂಸ, ನವಿಲು, ಕುದುರೆ ಎಲ್ಲವೂ ಈ ಮೂರರ ಜೋಡಣೆಗಳೇ. ಕಪ್ಪಿನ ತಳ ಉರುಟಾಗಿ, ಬಾಯಿ ಅಗಲವಾಗಿದ್ದರೆ ಹಾಲು ಸರಾಗವಾಗಿ ತಿರುಗುತ್ತದೆ. ನೇರ ಗೋಡೆಯ ಉದ್ದ ಲೋಟದಲ್ಲಿ ಇದೇ ಕೆಲಸ ಬಹಳ ಕಷ್ಟ.

ಈ ಎಲೆಯನ್ನು ಕಾಫಿ ಅಂಗಡಿಗಳ ಗುರುತನ್ನಾಗಿ ಮಾಡಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಒಬ್ಬರು ಇಟಲಿಯ ಕಾಫಿ ಕುಶಲಿ ಲುಯಿಜಿ ಲೂಪಿ. ಇನ್ನೊಬ್ಬರು ಅಮೆರಿಕದ ಸಿಯಾಟಲ್‌ನಲ್ಲಿ 1988ರಲ್ಲಿ ಎಸ್ಪ್ರೆಸೊ ವಿವಾಚೆ ಎಂಬ ಅಂಗಡಿ ಶುರುಮಾಡಿದ ಡೇವಿಡ್ ಶೋಮರ್. ಶೋಮರ್ ಮೊದಲು ಹೃದಯದ ಆಕಾರ ರೂಢಿಸಿಕೊಂಡರು, 1992ರ ಹೊತ್ತಿಗೆ ಇಟಲಿಯ ಕೆಫೆಯೊಂದರ ಚಿತ್ರ ನೋಡಿ ರೊಸೆಟ್ಟಾ ಬಿಡಿಸಲು ಕಲಿತರು, ಆಮೇಲೆ ಅದನ್ನು ಪಾಠವಾಗಿ ಬೇರೆಯವರಿಗೂ ಹೇಳಿಕೊಟ್ಟರು. ನನಗೆ ಅವರಲ್ಲಿ ಇಷ್ಟವಾಗುವುದು ಅವರು ಪಾಠ ಕಟ್ಟಿದ ಕ್ರಮ. ನೀರಿನ ಬಿಸಿ ಏರಿಳಿಯದಂತೆ ಯಂತ್ರವನ್ನು ಸುಧಾರಿಸುವುದಕ್ಕೂ ಹಾಲಿನ ಹದಕ್ಕೂ ಅವರು ಕೊಟ್ಟ ಗಮನ ಬಹಳ ದೊಡ್ಡದು. ಚಿತ್ರ ಅದರ ಕೊನೆಗೆ ಬಂತು. ಈಗ ವಿಶ್ವ ಮಟ್ಟದ ಲ್ಯಾಟೆ ಆರ್ಟ್ ಸ್ಪರ್ಧೆಯೂ ನಡೆಯುತ್ತದೆ. ಅಲ್ಲಿ ಸ್ಪರ್ಧಿ ತಾನು ಬಿಡಿಸಲಿರುವ ಚಿತ್ರದ ಫೋಟೊವನ್ನು ಮೊದಲೇ ತೀರ್ಪುಗಾರರಿಗೆ ಕೊಟ್ಟು, ಅದರಂತೆಯೇ ಒಂದಕ್ಕೊಂದು ಹೋಲುವ ಜೋಡಿ ಕಪ್ಪುಗಳನ್ನು ಮಾಡಿ ತೋರಿಸಬೇಕು. ಒಮ್ಮೆ ಆಕಸ್ಮಿಕವಾಗಿ ಮೂಡಿದ ಚೆಲುವಿಗೆ ಅಲ್ಲಿ ಬೆಲೆಯಿಲ್ಲ. ಅಂಗಡಿಗೂ ಇದೇ ಲೆಕ್ಕ: ಬೆಳಗಿನ ಮೊದಲ ಗಿರಾಕಿಗೆ ಸಿಕ್ಕ ಕಾಫಿಯೇ ಸಂಜೆ ಏಳಕ್ಕೆ ಬಂದವರಿಗೂ ಸಿಗಬೇಕು.

ಈಗ ನಮ್ಮ ದರ್ಶಿನಿಗಳ ಕಡೆ ಬರೋಣ. ಇವು ನನಗೆ ಬಹಳ ಹತ್ತಿರದ ಜಾಗಗಳು. ಫಿಲ್ಟರ್ ಕಾಫಿಯ ಡಿಕಾಕ್ಷನ್ ತನ್ನ ಭಾರದಿಂದಲೇ ಹನಿಹನಿಯಾಗಿ ಇಳಿಯುತ್ತದೆ. ಒತ್ತಡವಿಲ್ಲ, ಆದ್ದರಿಂದ ಕ್ರೆಮಾ ಇಲ್ಲ. ರೊಸೆಟ್ಟಾ ಬಿಡಿಸಲು ಹೋದರೆ ಬಿಳಿಯೂ ಕಂದೂ ಬೇರೆಬೇರೆಯಾಗಿ ನಿಲ್ಲುವುದು ಕಷ್ಟ. ಹಾಗೆಂದು ನಮ್ಮ ಕಾಫಿಗೆ ಅಲಂಕಾರವೇ ಇಲ್ಲ ಎಂದುಕೊಳ್ಳಬೇಡಿ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಯಾವುದಾದರೂ ಒಳ್ಳೆಯ ಕಾಫಿ ಕೌಂಟರಿನ ಮುಂದೆ ನಿಂತು ನೋಡಿ. ಲೋಟಗಳು ಸಾಲಾಗಿ ನಿಂತಿರುತ್ತವೆ. ಮೊದಲು ಸಕ್ಕರೆ, ಮೇಲೆ ಡಿಕಾಕ್ಷನ್ ಅಳತೆ, ಮೇಲೆ ಕುದಿವ ಹಾಲು. ಎತ್ತರದಿಂದ ಬಿದ್ದ ಹಾಲು ತನ್ನ ರಭಸದಿಂದಲೇ ನೊರೆ ಎಬ್ಬಿಸುತ್ತದೆ. ನೊರೆ ಲೋಟದ ಅಂಚಿಗಿಂತ ಮೇಲೆ ಗುಮ್ಮಟದಂತೆ ನಿಲ್ಲುತ್ತದೆ. ಕೊನೆಗೆ ಆ ಬಿಳಿಯ ಮೇಲೆ ಡಿಕಾಕ್ಷನ್‌ನ ಒಂದು ಚಿಕ್ಕ ಧಾರೆ. ನಡುವೆ ಕಂದು ವೃತ್ತ ಮೂಡುತ್ತದೆ, ಅಂಚಿನಲ್ಲಿ ನಿಧಾನವಾಗಿ ಹರಡುತ್ತದೆ. ಸಿಯಾಟಲ್‌ನವರು ಕಂದಿನ ಮೇಲೆ ಬಿಳಿ ಬರೆದರೆ ನಮ್ಮವರು ಬಿಳಿಯ ಮೇಲೆ ಕಂದು ಬರೆಯುತ್ತಾರೆ. ಅದನ್ನು ಯಾರೂ ಕಲೆ ಎಂದು ಕರೆಯಲಿಲ್ಲ, ಅದಕ್ಕೆ ಸ್ಪರ್ಧೆ ಏರ್ಪಡಿಸಲಿಲ್ಲ. ನನಗೆ ಅದು ಕಲೆಯೇ. ಕೊನೆಯ ಆ ಧಾರೆಯಿಂದ ಮೊದಲ ಗುಟುಕಿಗೇ ಡಿಕಾಕ್ಷನ್‌ನ ಕಹಿ ಘಮ ಸಿಗುತ್ತದೆ. ಕಣ್ಣಿಗೂ ನಾಲಿಗೆಗೂ ಒಂದೇ ಕೈಚಳಕ.

ಬಟ್ಟಲಿಗೂ ಲೋಟಕ್ಕೂ ಎತ್ತಿ ಹೊಯ್ಯುವುದರಲ್ಲೂ ಇಂಥದೇ ಸಂಗತಿ ಇದೆ. ಎತ್ತಿ ಹೊಯ್ದರೆ ಕಾಫಿ ಕುಡಿಯುವ ಬಿಸಿಗೆ ಇಳಿಯುತ್ತದೆ, ಸಕ್ಕರೆ ಬೆರೆಯುತ್ತದೆ, ನೊರೆ ಏಳುತ್ತದೆ. ಮೂರೂ ಬೇಕಾದ ಕೆಲಸಗಳೇ, ನೋಡಲು ಅಂದವಾಗಿರುವುದು ಅದರ ಜೊತೆಗೇ ಬಂದದ್ದು. ಹೊಸ ಅಂಗಡಿ ತೆರೆಯುವವರಿಗೆ ನಾನು ಹೇಳುವುದು ಇಷ್ಟು. ಒಂದು ಅಲಂಕಾರವನ್ನು ಆರಿಸುವ ಮೊದಲು, ಇದು ಇಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಿ. ನೊರೆಯ ಮೇಲೆ ಗಿರಾಕಿಯ ಮುಖವನ್ನೇ ಮುದ್ರಿಸುವ ಯಂತ್ರಗಳು ಬಂದಿವೆ. ಒಸಾಕಾದ ಕಜುಕಿ ಯಮಾಮೊಟೊ ಅವರಂತಹ ಕುಶಲಿಗಳು ಗಟ್ಟಿ ನೊರೆಯಿಂದ ಬೆಕ್ಕು, ಜಿರಾಫೆಗಳನ್ನು ಕಪ್ಪಿನ ಮೇಲೆ ಎಬ್ಬಿಸಿ ಕೂರಿಸಿದ್ದಾರೆ. ಯಮಾಮೊಟೊ ಅವರ ಕೈ ನನಗೆ ನಿಜವಾಗಿ ಬೆರಗು. ಮುದ್ರಣದ ಬಗ್ಗೆ ನನಗೆ ಆ ಬೆರಗಿಲ್ಲ. ಹಾಲು ಹದವಾಗಿದೆಯೋ ಇಲ್ಲವೋ ಎಂಬುದನ್ನು ಅದು ಏನೂ ಹೇಳುವುದಿಲ್ಲ. ಕಡ್ಡಿಯಿಂದ ಗೀರಿ, ಚಾಕೊಲೇಟ್ ಸಾಸ್ ಎಳೆದು ಬಿಡಿಸುವ ಚಿತ್ರ ಇವೆರಡರ ನಡುವಿನದು. ಮಕ್ಕಳು ಬಂದಾಗ ಮಾಡಿ, ಅವರ ಮುಖ ಅರಳುತ್ತದೆ. ಆದರೆ ಅದಕ್ಕೆ ಹಿಡಿಯುವ ಒಂದೆರಡು ನಿಮಿಷದಲ್ಲಿ ಕಾಫಿ ತಣ್ಣಗಾಗುತ್ತದೆ ಎಂಬುದನ್ನೂ ನೆನಪಿಡಿ.

ಚಿತ್ರವಿದ್ದ ಕಾಫಿಗೆ ಹೆಚ್ಚು ಹಣ ಕೊಡಲು ಜನ ಸಿದ್ಧರಿರುತ್ತಾರೆ ಎಂದು ಆಸ್ಟ್ರೇಲಿಯದ ಸಂಶೋಧಕ ಜಾರ್ಜ್ ವಾನ್ ಡೋರ್ನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಬಿಳಿ ಮಗ್ಗಿನಲ್ಲಿ ಕೊಟ್ಟ ಕಾಫಿ ಪಾರದರ್ಶಕ ಗಾಜಿನ ಮಗ್ಗಿನದಕ್ಕಿಂತ ಗಾಢವೆನಿಸುತ್ತದೆ ಎಂಬುದನ್ನೂ ಅವರದೇ ತಂಡ 2014ರಲ್ಲಿ ಪ್ರಕಟಿಸಿತು. ಅಂದರೆ ಕಣ್ಣು ರುಚಿಯಲ್ಲಿ ಪಾಲು ಪಡೆಯುತ್ತದೆ, ಅದರಲ್ಲಿ ಮೋಸವೇನಿಲ್ಲ. ಬಾಳೆ ಎಲೆಯಲ್ಲಿ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಿರಾಕಿಯ ಕಣ್ಣು ನಂಬಿದ್ದನ್ನು ನಾಲಿಗೆಗೂ ಕೊಡುವ ಹೊಣೆ ನಮ್ಮದು.

ಇನ್ನು ವಾತಾವರಣ. ವಿಯೆನ್ನಾದ ಕಾಫಿಮನೆಗಳನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕುರ್ಚಿ, ಓದಲು ದಿನಪತ್ರಿಕೆ, ಕಾಫಿಯ ಜೊತೆ ಒಂದು ಲೋಟ ನೀರು. ಒಂದೇ ಕಾಫಿಗೆ ಗಂಟೆಗಟ್ಟಲೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಇಟಲಿಯಲ್ಲಿ ಬಾರ್ ಎಂದು ಕರೆಯುವ ಕಾಫಿ ಅಂಗಡಿಗಳಲ್ಲಿ ಇದಕ್ಕೆ ತದ್ವಿರುದ್ಧ. ಕೌಂಟರಿಗೆ ಆತು ನಿಂತು ಎರಡು ಗುಟುಕಿನಲ್ಲಿ ಎಸ್ಪ್ರೆಸೊ ಮುಗಿಸಿ ಹೋಗುತ್ತಾರೆ, ಎಷ್ಟೋ ಕಡೆ ಕೂತು ಕುಡಿದರೆ ಬೆಲೆ ಹೆಚ್ಚು. ನಮ್ಮಲ್ಲಿ ಎರಡೂ ಇವೆ. 1965ರಿಂದ ನಡೆದು ಬಂದಿರುವ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಜನ ನಿಂತೇ, ಅಥವಾ ಹೊರಗಿನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಇಂಡಿಯಾ ಕಾಫಿ ಹೌಸಿನಲ್ಲಿ ಬಿಳಿ ಉಡುಪು, ಪೇಟ, ನಡುಪಟ್ಟಿಯ ಸಿಬ್ಬಂದಿ ಮೇಜಿಗೆ ತಂದುಕೊಡುತ್ತಾರೆ, ಮಾತು ಎಷ್ಟು ಹೊತ್ತಾದರೂ ನಡೆಯುತ್ತದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂತಹ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಎಂ.ಜಿ. ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದಾಗ ಕಟ್ಟಡ ಬದಲಾಯಿತು, ಗೋಡೆ ಬದಲಾಯಿತು, ಕಿಟಕಿಯಾಚೆಯ ನೋಟ ಬದಲಾಯಿತು. ಹಳೆಯ ಗಿರಾಕಿಗಳು ಆದರೂ ಬಂದರು. ಅದೇ ಉಡುಪು, ಅದೇ ದಪ್ಪ ಬಿಳಿ ಕಪ್ಪು, ಅವಸರಪಡಿಸದ ಅದೇ ನಡವಳಿಕೆ. ವಾತಾವರಣ ಎಲ್ಲಿರುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾದ ಮೇಲೆ ಕ್ಯಾಪುಚಿನೊ ಎಂಬುದು ನಮ್ಮ ಕಾಲೇಜು ಹುಡುಗ ಹುಡುಗಿಯರ ಮಾತಿಗೆ ಸೇರಿತು. ಒಂದು ಕಾಫಿ ತೆಗೆದುಕೊಂಡು ಕೂತು ಮಾತಾಡುವ ಹಕ್ಕು ಅವರಿಗೂ ಸಿಕ್ಕಿತು. ಅದು ಸಣ್ಣ ಸಂಗತಿಯಲ್ಲ.

ಸದ್ದಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹೊಸ ಅಂಗಡಿಗಳಲ್ಲಿ ಹೆಚ್ಚು ಕೆಡುತ್ತಿರುವುದು ಅದೇ. ಕಾಂಕ್ರೀಟ್ ನೆಲ, ಗಾಜಿನ ಗೋಡೆ, ಬರಿಯ ಛಾವಣಿ ಫೋಟೊಗೆ ಚೆನ್ನ. ಆದರೆ ಅವು ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಗದ್ದಲದಲ್ಲಿ ಮನುಷ್ಯ ತನಗೆ ತಿಳಿಯದಂತೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 20ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಅದನ್ನು ಮುಚ್ಚಲು ಯಾರೋ ಸಂಗೀತದ ದನಿ ಏರಿಸುತ್ತಾರೆ, ಅರ್ಧ ಗಂಟೆಯಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ. ದಪ್ಪ ಬಟ್ಟೆಯ ಪರದೆ, ಪುಸ್ತಕದ ಕಪಾಟು, ಮೆತ್ತೆಯ ಬೆಂಚು, ಮರದ ಮೇಜು, ಇಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ಇದರ ಜೊತೆ ಹಾಲಿನ ಕೊಳವೆಯನ್ನೂ ಸೇರಿಸಿಕೊಳ್ಳಿ. ಗಾಳಿ ಸೇರಿಸದೆ ತುದಿಯನ್ನು ಆಳಕ್ಕೆ ಮುಳುಗಿಸಿದರೆ ಅದು ಕಿರುಚುತ್ತದೆ, ಆ ಕಿರುಚಾಟಕ್ಕೆ ಇಡೀ ಅಂಗಡಿ ಮಾತು ನಿಲ್ಲಿಸುತ್ತದೆ. ಹದ ಬಲ್ಲ ಕೈಯಲ್ಲಿ ಅದೇ ಕೊಳವೆ ಎರಡು ಮೂರು ಸೆಕೆಂಡು ಮೆಲ್ಲಗೆ ಸದ್ದು ಮಾಡಿ ಸುಮ್ಮನಾಗುತ್ತದೆ. ಹಾಲಿನ ಹದಕ್ಕೂ ಅಂಗಡಿಯ ನೆಮ್ಮದಿಗೂ ಇರುವ ನಂಟು ಇಷ್ಟು ನೇರ.

ಕಣ್ಣಿಗೆ ಬೀಳುವುದರಲ್ಲಿ ಒಂದೇ ವಿಷಯ ಹೇಳುತ್ತೇನೆ. ಯಂತ್ರವನ್ನು ಗೋಡೆಯಂತೆ ಅಡ್ಡ ಇಡಬೇಡಿ. ಸುರಿಯುವ ಕೈ ಗಿರಾಕಿಗೆ ಕಾಣಬೇಕು. ಹಬೆ ಕೊಟ್ಟ ಕೂಡಲೇ ಒದ್ದೆ ಬಟ್ಟೆಯಿಂದ ಕೊಳವೆ ಒರೆಸಿ, ಒಮ್ಮೆ ಹಬೆ ಬಿಟ್ಟು ಒಳಗಿನ ಹಾಲು ಹೊರಹಾಕುವುದನ್ನು ಅವರು ನೋಡಬೇಕು. ಆ ಒದ್ದೆ ಬಟ್ಟೆ ಸ್ವಚ್ಛವಾಗಿದ್ದರೆ, ಅಂಗಡಿಯ ಗೋಡೆಗೆ ಎಷ್ಟು ಖರ್ಚು ಮಾಡಿದ್ದೀರಿ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ದರ್ಶಿನಿಯ ತೆರೆದ ಕೌಂಟರ್ ಕೊಟ್ಟ ನಂಬಿಕೆ ಇದೇ ಅಲ್ಲವೇ? ನಿಮ್ಮ ಕಾಫಿ ನಿಮ್ಮ ಕಣ್ಣೆದುರೇ ತಯಾರಾಗುತ್ತದೆ. ಮಾಲೀಕರಾಗಲಿರುವವರಿಗೆ ಇನ್ನೊಂದು ಮಾತು. ದಿನವಿಡೀ ನಿಂತೇ ಕೆಲಸ ಮಾಡುವವರ ಕಾಲಿಗೆ ಮೆತ್ತನೆಯ ಮ್ಯಾಟು, ಮಣಿಕಟ್ಟಿಗೆ ನಡುನಡುವೆ ಬಿಡುವು, ಕೂತು ಊಟ ಮಾಡಲು ಒಂದು ಜಾಗ ಕೊಡಿ. ದಣಿದ ಮಣಿಕಟ್ಟಿನಿಂದ ಎಲೆ ಮೂಡುವುದಿಲ್ಲ, ದಣಿದ ಮುಖದಿಂದ ಹಿತವಾದ ಅಂಗಡಿಯೂ ಆಗುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಮನೆಯಲ್ಲಿ ಯಂತ್ರವಿಲ್ಲದೆ ಕಲಿಯಬಹುದೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಹಾಲಿನ ಮಟ್ಟಿಗೆ ಖಂಡಿತ. ಹಾಲನ್ನು 60 ಡಿಗ್ರಿಯ ಸುಮಾರಿಗೆ ಬಿಸಿ ಮಾಡಿ ಫ್ರೆಂಚ್ ಪ್ರೆಸ್‌ಗೆ (ಜಾಲರಿ ಕಟ್ಟಿದ ಹಿಡಿಕೆಯಿರುವ ಕಾಫಿ ಪಾತ್ರೆಗೆ) ಹಾಕಿ, ಹಿಡಿಕೆಯನ್ನು ಮೇಲೆ ಕೆಳಗೆ ಬೇಗಬೇಗ ಆಡಿಸಿದರೆ ನುಣುಪು ನೊರೆ ಬರುತ್ತದೆ. ಆಮೇಲೆ ಮೂತಿಯಿರುವ ಜಗ್ಗಿಗೆ ಬಗ್ಗಿಸಿ, ಮೆಲ್ಲಗೆ ಕುಟ್ಟಿ ದೊಡ್ಡ ಗುಳ್ಳೆ ಒಡೆಯಿರಿ. ಕ್ರೆಮಾಕ್ಕೆ ಬದಲಾಗಿ ಕೊಕೊ ಪುಡಿಯನ್ನು ಗಟ್ಟಿಯಾಗಿ ಕಲಸಿಕೊಂಡರೆ ಬಿಳಿ ಎದ್ದು ಕಾಣುತ್ತದೆ, ಕಲಿತ ಮೇಲೆ ಅದನ್ನು ಕುಡಿಯಲೂಬಹುದು.

ಜನ ತುಂಬಿ ತುಳುಕುವ ಹೊತ್ತಿನಲ್ಲಿ ಚಿತ್ರಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಇನ್ನೊಬ್ಬರ ಪ್ರಶ್ನೆ. ಹೃದಯ ಬಿಡಿಸಿ ಸುರಿಯಲೂ ಸುಮ್ಮನೆ ಸುರಿಯಲೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಹೊತ್ತು ಬೇಡುವುದು ಹಾಲಿನ ಹದ, ಅದನ್ನು ಚಿತ್ರವಿಲ್ಲದಿದ್ದರೂ ಮಾಡಲೇಬೇಕು. ಹಾಗಾಗಿ ಬೆಳಗಿನ ಗದ್ದಲದಲ್ಲಿ ಎಲ್ಲರಿಗೂ ಹೃದಯವೇ ಸಾಕು. ಹಂಸವನ್ನು ಮಧ್ಯಾಹ್ನ ಮೂರರ ನಂತರ, ಸರದಿ ಕರಗಿದ ಮೇಲೆ ಬಿಡಿಸಿ. ಪಾರ್ಸೆಲ್ ಕಪ್ಪಾದರೆ ಚಿತ್ರದ ಮೇಲೆ ಮುಚ್ಚಳ ಬೀಳುತ್ತದೆ ನಿಜ, ಆದರೂ ಹಾಲನ್ನು ಅದೇ ಹದದಲ್ಲೇ ಮಾಡಿ.